ಕೆಲಸ ಮುಗಿಸಿ ಬಂದ ರಾತ್ರಿ, 40 ನಿಮಿಷದಲ್ಲಿ ಚಿಕನ್ ಪಾಸ್ತಾ

ಸಂಜೆ ನಾನು ಮನೆ ಸೇರುವಾಗ ಏಳೂ ಕಾಲು. ಹದಡಿ ರಸ್ತೆಯಲ್ಲಿ ಗಾಡಿ ಜಾಸ್ತಿ ಇದ್ದ ದಿನ ಏಳೂವರೆ. ಅಷ್ಟೊತ್ತಿಗೆ ಮಕ್ಕಳು ಟ್ಯೂಷನ್ ಮುಗಿಸಿ ಬಂದು ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡುತ್ತಿರುತ್ತಾರೆ. ಇನ್ನು ಸ್ವಲ್ಪ ತಡವಾದರೆ "ಮಂಡಕ್ಕಿ ಮಿರ್ಚಿ ತರೋಣ್ವಾ ಅಮ್ಮ?" ಅಂತ ಶುರು. ದಾವಣಗೆರೆಯಲ್ಲೇ ಹುಟ್ಟಿ ಬೆಳೆದವಳು ನಾನು. ಮಂಡಕ್ಕಿ ಮಿರ್ಚಿ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ಅದು ಸಂಜೆ ಐದರ ತಿಂಡಿ. ರಾತ್ರಿ ಎಂಟಕ್ಕೆ ಬೆಳೆಯುವ ಮಕ್ಕಳಿಗೆ ಹೊಟ್ಟೆ ತುಂಬ ಊಟ ಬೇಕು.

ಹಾಗಾಗಿ ವಾರದಲ್ಲಿ ಒಂದೆರಡು ರಾತ್ರಿ ನಮ್ಮ ಮನೆಯಲ್ಲಿ ಚಿಕನ್ ಪಾಸ್ತಾ. ರೊಟ್ಟಿ ಬಡಿಯುವ ಕೆಲಸ ಇಲ್ಲ. ಅನ್ನಕ್ಕೊಂದು, ಸಾರಿಗೊಂದು, ಪಲ್ಯಕ್ಕೊಂದು ಪಾತ್ರೆ ಇಡಬೇಕಾಗಿಲ್ಲ. ಕೋಳಿ, ತರಕಾರಿ, ಗೋಧಿ ಎಲ್ಲ ಒಂದೇ ತಟ್ಟೆಯಲ್ಲಿ ಬಂದುಬಿಡುತ್ತದೆ.

ಮೊದಲ ಸಲ ಮಾಡಿದಾಗ ಪಾಸ್ತಾ ಮುದ್ದೆಯಾಗಿತ್ತು, ಚಿಕನ್ ರಬ್ಬರಿನ ಹಾಗೆ ಗಟ್ಟಿಯಾಗಿತ್ತು, ಸಾಸ್ ತಟ್ಟೆಯ ತಳದಲ್ಲಿ ನೀರಾಗಿ ನಿಂತಿತ್ತು. ಮೂರೂ ಯಾಕೆ ಹಾಗಾಯಿತು ಅಂತ ತಿಳಿಯಲು ನನಗೆ ಸುಮಾರು ತಿಂಗಳು ಹಿಡಿಯಿತು. ನಿಮಗೆ ಅಷ್ಟು ದಿನ ಬೇಡ ಅಂತ ಇದನ್ನು ಬರೆಯುತ್ತಿದ್ದೇನೆ. ಲೆಕ್ಕವೆಲ್ಲ ನಾಲ್ಕು ಜನಕ್ಕೆ.

ಮೊದಲು ವಾರ ನೋಡಿ

ನಮ್ಮ ಕಡೆ ಕೋಳಿ ಬೇಯಿಸುವ ಮೊದಲು ಕ್ಯಾಲೆಂಡರ್ ನೋಡಬೇಕು. "ಇವತ್ತು ವಾರ" ಅಂದರೆ ಮುಗೀತು, ಒಲೆ ಮೇಲೆ ಮಾಂಸ ಏರುವುದಿಲ್ಲ. ಕೆಲವರಿಗೆ ಸೋಮವಾರ, ಕೆಲವರಿಗೆ ಗುರುವಾರ, ಇನ್ನು ಕೆಲವರಿಗೆ ಶನಿವಾರ. ಶ್ರಾವಣ ಬಂದರೆ ಎಷ್ಟೋ ಮನೆಗಳಲ್ಲಿ ತಿಂಗಳಿಡೀ ಇಲ್ಲ. ನಮ್ಮ ಮನೆಯಲ್ಲಿ ಸೋಮವಾರ, ಶನಿವಾರ ಬಿಟ್ಟು ಮಂಗಳವಾರ ಒಂದು, ಶುಕ್ರವಾರ ಒಂದು ಅಂತ ಗೊತ್ತು ಮಾಡಿಕೊಂಡಿದ್ದೇವೆ.

ದಿನ ಮೊದಲೇ ಗೊತ್ತಾಗಬೇಕು ಅನ್ನುವುದಕ್ಕೆ ಇನ್ನೊಂದು ಕಾರಣ ಇದೆ. ಚಿಕನ್ ತರುವುದು ಭಾನುವಾರ ಬೆಳಿಗ್ಗೆ. ಹಸಿ ಚಿಕನ್ ಫ್ರಿಜ್ಜಿನ ಕೆಳಭಾಗದಲ್ಲಿ ಒಂದು ದಿನ, ಹೆಚ್ಚೆಂದರೆ ಎರಡು ದಿನ ಇರಬಹುದು. ಅಂದರೆ ಮಂಗಳವಾರದ ಪಾಲಿಗೆ ಅದೇ ಕೊನೆಯ ಗಡುವು. ಶುಕ್ರವಾರದ ಪಾಲು ಭಾನುವಾರವೇ ಫ್ರೀಜರಿಗೆ ಹೋಗಬೇಕು. ಇದರಲ್ಲಿ ರಾಜಿ ಬೇಡ. ಏಪ್ರಿಲ್ ತಿಂಗಳಲ್ಲಿ ನಮ್ಮೂರ ಬಿಸಿಲು ನಿಮಗೆ ಗೊತ್ತೇ ಇದೆ, ಅದರ ಮಧ್ಯೆ ಕರೆಂಟ್ ಬೇರೆ ಹೋಗಿ ಬಂದು ಮಾಡುತ್ತದೆ.

ಭಾನುವಾರದ ಮುಕ್ಕಾಲು ಗಂಟೆ

ವಾರದ ದಿನದ ಅಡುಗೆ ಬೇಗ ಆಗಬೇಕಾದರೆ ಭಾನುವಾರ ಮುಕ್ಕಾಲು ಗಂಟೆ ಕೊಡಲೇಬೇಕು. ಮಾಡಬೇಕಾದ್ದು ಎರಡೇ ಕೆಲಸ, ಚಿಕನ್ ಮತ್ತು ಕೆಂಪು ಮಸಾಲೆ.

ಅಂಗಡಿಯಲ್ಲಿ ಸುಮ್ನೆ "ಬೋನ್‌ಲೆಸ್ ಕೊಡಿ" ಅಂದರೆ ಎದೆಯ ಭಾಗ ಕೊಡುತ್ತಾರೆ. ನೀವು "ಲೆಗ್ ಬೋನ್‌ಲೆಸ್" ಅಂತ ಬಿಡಿಸಿ ಕೇಳಿ. ತೊಡೆಯ ಮಾಂಸದಲ್ಲಿ ಕೊಬ್ಬು ಸ್ವಲ್ಪ ಜಾಸ್ತಿ. ಎರಡು ನಿಮಿಷ ಹೆಚ್ಚು ಬೆಂದರೂ ಮೆತ್ತಗೇ ಇರುತ್ತದೆ. ಎದೆಯ ಮಾಂಸ ಹಾಗಲ್ಲ, ಒಂದು ನಿಮಿಷ ಹೆಚ್ಚಾದರೂ ನಾರು ನಾರಾಗುತ್ತದೆ. ನನ್ನ ಮೊದಲ ಚಿಕನ್ ರಬ್ಬರಾಗಿದ್ದು ಇದಕ್ಕೇ. ಕೆಲಸದ ಮಧ್ಯೆ ಫೋನ್ ಬರುತ್ತದೆ, ಮಗು ಕರೆಯುತ್ತದೆ. ತೊಡೆಯ ಮಾಂಸ ಅದಕ್ಕೆಲ್ಲ ತಡೆದುಕೊಳ್ಳುತ್ತದೆ. ನಾಟಿ ಕೋಳಿ ಈ ಅಡುಗೆಗೆ ಬೇಡ. ಅದಕ್ಕೆ ನಿಧಾನ ಬೇಕು, ಅದರ ರುಚಿ ಸಾರಿಗೇ ಸರಿ.

ಒಂದು ಊಟಕ್ಕೆ 400 ಗ್ರಾಂ ಸಾಕು. ಎರಡು ಊಟಕ್ಕೆ 800 ಗ್ರಾಂ ತನ್ನಿ. ತೆಗೆದ ಮೂಳೆಗಳನ್ನು ಬಿಟ್ಟು ಬರಬೇಡಿ, ಕೇಳಿ ತನ್ನಿ. ಒಂದು ಈರುಳ್ಳಿ, ನಾಲ್ಕು ಕಾಳುಮೆಣಸು, ಒಂದು ಲೀಟರ್ ನೀರು ಹಾಕಿ ಕುಕ್ಕರಿನಲ್ಲಿ ನಾಲ್ಕೈದು ಸೀಟಿ ಕೂಗಿಸಿ ಸೋಸಿಟ್ಟರೆ ಒಳ್ಳೆ ರಸ ಸಿಗುತ್ತದೆ. ಅದನ್ನು ಸಾಸಿಗೂ ಹಾಕಬಹುದು, ಮಕ್ಕಳಿಗೆ ಸೂಪ್ ಮಾಡಿಯೂ ಕೊಡಬಹುದು.

ತೊಳೆಯುವ ವಿಷಯ. ನಮ್ಮಲ್ಲಿ ಕೋಳಿ ತೊಳೆಯದೆ ಬೇಯಿಸು ಅಂದರೆ ಯಾರೂ ಒಪ್ಪುವುದಿಲ್ಲ. ನಮ್ಮ ಅತ್ತೆಯಂತೂ ಮೂರು ನೀರು ತೊಳೆಯಬೇಕು ಅನ್ನುತ್ತಾರೆ. ಆದರೆ ಜೋರಾಗಿ ಬಿಟ್ಟ ನಲ್ಲಿಯ ಕೆಳಗೆ ಹಿಡಿದು ತೊಳೆಯಬೇಡಿ. ಸಿಡಿದ ನೀರಿನ ಜೊತೆ ಕ್ರಿಮಿಗಳು ಸಿಂಕಿನ ಸುತ್ತ, ಪಕ್ಕದಲ್ಲಿ ಹೆಚ್ಚಿಟ್ಟ ಕೊತ್ತಂಬರಿ ಮೇಲೆಲ್ಲ ಹರಡುತ್ತವೆ. ಕ್ರಿಮಿ ಸಾಯುವುದು ಬೇಯಿಸಿದಾಗ, ತೊಳೆದಾಗ ಅಲ್ಲ. ತೊಳೆಯಲೇಬೇಕಾದರೆ ಅಗಲ ಪಾತ್ರೆಯಲ್ಲಿ ನೀರು ತುಂಬಿ, ಅದರೊಳಗೆ ಮೆಲ್ಲಗೆ ಅದ್ದಿ ತೆಗೆಯಿರಿ. ಆಮೇಲೆ ಸಿಂಕು, ಮಣೆ, ಚಾಕು, ಕೈ ಎಲ್ಲ ಸೋಪು ಹಾಕಿ ತೊಳೆಯಿರಿ.

ತುಂಡುಗಳು ಹೆಬ್ಬೆರಳಿನ ತುದಿಯಷ್ಟು ಇರಲಿ. ಎಲ್ಲ ಒಂದೇ ಅಳತೆ ಇದ್ದರೆ ಒಟ್ಟಿಗೆ ಬೇಯುತ್ತವೆ. ಈಗ ಎರಡು ಪಾಲು ಮಾಡಿ.

ಮಂಗಳವಾರದ ಪಾಲಿಗೆ ಮುಕ್ಕಾಲು ಟೀ ಚಮಚ ಉಪ್ಪು, ಒಂದು ದೊಡ್ಡ ಚಮಚ ಶುಂಠಿ ಬೆಳ್ಳುಳ್ಳಿ ಪೇಸ್ಟ್, ಚಿಟಿಕೆ ಅರಿಶಿನ, ಅರ್ಧ ಟೀ ಚಮಚ ಕರಿಮೆಣಸಿನ ಪುಡಿ ಹಚ್ಚಿ ಮುಚ್ಚಿಡಿ. ಮೊಸರು ಈಗಲೇ ಬೇಡ. ಮಂಗಳವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಮೂರು ದೊಡ್ಡ ಚಮಚ ಗಟ್ಟಿ ಮೊಸರು ಕಲಸಿ ಮತ್ತೆ ಫ್ರಿಜ್ಜಿಗಿಡಿ. ಮೊಸರಿನ ಹುಳಿ ಮಾಂಸವನ್ನು ಮೆತ್ತಗೆ ಮಾಡುತ್ತದೆ ನಿಜ. ಆದರೆ ಎರಡು ದಿನ ಹಾಗೇ ಬಿಟ್ಟರೆ ಮೇಲ್ಪದರ ಲೋಳೆ ಲೋಳೆ ಆಗುತ್ತದೆ.

ಶುಕ್ರವಾರದ ಪಾಲಿಗೆ ಮೊಸರೇ ಬೇಡ. ಉಪ್ಪು, ಶುಂಠಿ ಬೆಳ್ಳುಳ್ಳಿ, ಕರಿಮೆಣಸು, ಒಂದು ಚಮಚ ಎಣ್ಣೆ ಸಾಕು. ಅದನ್ನು ಜಿಪ್ ಇರುವ ಕವರಿಗೆ ಹಾಕಿ, ಅಂಗೈಯಲ್ಲಿ ಒತ್ತಿ ಚಪಾತಿಯ ಹಾಗೆ ತೆಳ್ಳಗೆ ಹರಡಿ ಫ್ರೀಜರಿನಲ್ಲಿ ಮಲಗಿಸಿ. ಉಂಡೆ ಕಟ್ಟಿ ಇಟ್ಟರೆ ಕರಗಲು ಇಡೀ ದಿನ ಬೇಕು. ಚಪ್ಪಟೆ ಇಟ್ಟರೆ ಗುರುವಾರ ರಾತ್ರಿ ಕೆಳಗಿನ ಶೆಲ್ಫಿಗೆ ಇಳಿಸಿದರಾಯಿತು, ಶುಕ್ರವಾರ ಸಂಜೆಗೆ ತಯಾರು. ಅಡುಗೆ ಕಟ್ಟೆಯ ಮೇಲೆ ಬೆಳಿಗ್ಗೆಯಿಂದ ಸಂಜೆವರೆಗೆ ಇಟ್ಟು ಕರಗಿಸುವ ಅಭ್ಯಾಸ ಇದ್ದರೆ ದಯವಿಟ್ಟು ಬಿಡಿ. ಒಳಗೆ ಇನ್ನೂ ಮಂಜುಗಡ್ಡೆ ಇರುವಾಗಲೇ ಹೊರಗೆ ಕೆಡಲು ಶುರುವಾಗಿರುತ್ತದೆ.

ಇನ್ನು ಕೆಂಪು ಮಸಾಲೆ. ಬಾಟಲಿಯ ಪಾಸ್ತಾ ಸಾಸಿಗೆ ದುಡ್ಡು ಕೊಡುವುದನ್ನು ನಾನು ಬಿಟ್ಟಿದ್ದು ಇದರಿಂದಲೇ. ನಮ್ಮ ಪಕ್ಕದ ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಇರುವಾಗ ಕೆಂಪು ಬಣ್ಣಕ್ಕೆ ಬೇರೇನು ಬೇಕು? ಬಣ್ಣ ಜಾಸ್ತಿ, ಖಾರ ಕಮ್ಮಿ. ಮಕ್ಕಳೂ ತಿನ್ನುತ್ತಾರೆ.

ಹನ್ನೆರಡು ಬ್ಯಾಡಗಿ ಮೆಣಸಿನಕಾಯಿಯ ತೊಟ್ಟು, ಬೀಜ ತೆಗೆದು ಬಿಸಿನೀರಿನಲ್ಲಿ 20 ನಿಮಿಷ ನೆನೆಸಿ. ಒಂದು ಕಿಲೋ ಹಣ್ಣಾದ ಟೊಮೆಟೊವನ್ನು ಕುದಿಯುವ ನೀರಿಗೆ ಎರಡು ನಿಮಿಷ ಹಾಕಿ ಸಿಪ್ಪೆ ಸುಲಿಯಿರಿ. ಎರಡನ್ನೂ ನುಣ್ಣಗೆ ರುಬ್ಬಿ. ಕರೆಂಟ್ ಇರುವಾಗಲೇ ರುಬ್ಬಿಕೊಳ್ಳಿ ಅಂತ ಬೇರೆ ಹೇಳಬೇಕಾಗಿಲ್ಲ. ದಪ್ಪ ತಳದ ಪಾತ್ರೆಯಲ್ಲಿ ನಾಲ್ಕು ದೊಡ್ಡ ಚಮಚ ಎಣ್ಣೆ ಕಾಯಿಸಿ, ಜಜ್ಜಿದ ಹದಿನೈದು ಎಸಳು ಬೆಳ್ಳುಳ್ಳಿ, ಸಣ್ಣಗೆ ಹೆಚ್ಚಿದ ಮೂರು ಈರುಳ್ಳಿ ಹಾಕಿ ಹೊಂಬಣ್ಣಕ್ಕೆ ಹುರಿಯಿರಿ. ರುಬ್ಬಿದ್ದು ಸುರಿದು, ಉಪ್ಪು ಮತ್ತು ನೆಲ್ಲಿಕಾಯಿಯ ಅರ್ಧದಷ್ಟು ಬೆಲ್ಲ ಹಾಕಿ ಕುದಿಸಿ. ಮೊದಲು ನೊರೆ ಏಳುತ್ತದೆ, ಆಮೇಲೆ ಪುಟಪುಟ ಸಿಡಿಯುತ್ತದೆ, ಕೊನೆಗೆ ಅಂಚಿನಲ್ಲಿ ಎಣ್ಣೆ ಬಿಡುತ್ತದೆ. 25 ನಿಮಿಷ ಹಿಡಿಯುತ್ತದೆ. ಎಣ್ಣೆ ಬಿಟ್ಟ ಮೇಲೇ ಇಳಿಸಿ, ಇಲ್ಲದಿದ್ದರೆ ಹಸಿ ವಾಸನೆ ಉಳಿಯುತ್ತದೆ. ಆರಿದ ಮೇಲೆ ಅರ್ಧ ಬಾಟಲಿಗೆ, ಅರ್ಧ ಐಸ್ ಟ್ರೇಗೆ. ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ, ಫ್ರೀಜರಿನಲ್ಲಿ ತಿಂಗಳು. ಎರಡು ಊಟಕ್ಕೆ ಸಾಕು.

ಪಾಸ್ತಾ ಕೊಳ್ಳುವುದು, ಬೇಯಿಸುವುದು

ಪಾಕೀಟಿನ ಹಿಂಭಾಗ ತಿರುಗಿಸಿ ನೋಡಿ. ಡ್ಯೂರಮ್ ಗೋಧಿಯ ರವೆ ಅಂತ ಇರಬೇಕು. ಮೈದಾದ ಪಾಸ್ತಾ ಕಮ್ಮಿ ಬೆಲೆಗೆ ಸಿಗುತ್ತದೆ, ಆದರೆ ನೀರಿಗೆ ಬಿದ್ದ ಐದು ನಿಮಿಷಕ್ಕೆ ಕರಗಲು ಶುರು. ನನ್ನ ಮೊದಲ ಪಾಸ್ತಾ ಮುದ್ದೆಯಾಗಿದ್ದು ಅದರಿಂದ. ಡ್ಯೂರಮ್ ಅಂದರೆ ಹೊಸದೇನಲ್ಲ. ಉಪ್ಪಿಟ್ಟಿಗೆ ತರುವ ಬನ್ಸಿ ರವೆ ಇದೆಯಲ್ಲ, ಹಳದಿ ಛಾಯೆ, ಒರಟು ಕಾಳು? ಅದೂ ಇದೇ ಜಾತಿಯ ಗಟ್ಟಿ ಗೋಧಿ. ಬನ್ಸಿ ರವೆಯ ಉಪ್ಪಿಟ್ಟು ಉದುರು ಉದುರಾಗಿ ಬರುವುದೂ, ಒಳ್ಳೆ ಪಾಸ್ತಾ ಬೆಂದರೂ ಆಕಾರ ಬಿಡದಿರುವುದೂ ಒಂದೇ ಗುಣದಿಂದ. ನಮ್ಮ ಅಜ್ಜಿ ಶಾವಿಗೆ ಹೊಸೆದು ಹಗ್ಗದ ಮೇಲೆ ಒಣಹಾಕುತ್ತಿದ್ದುದು ನೆನಪಿದೆ. ಅವರು ಪಾಸ್ತಾ ನೋಡಿದ್ದರೆ ಶಾವಿಗೆಯ ಬಳಗ ಅಂತಲೇ ಗುರುತು ಹಿಡಿಯುತ್ತಿದ್ದರು.

ಆಕಾರದಲ್ಲಿ ನನಗೆ ಪೆನ್ನೆ, ಫುಸಿಲಿ ಇಷ್ಟ. ಪೆನ್ನೆಯ ಕೊಳವೆಯೊಳಗೆ, ಫುಸಿಲಿಯ ಸುರುಳಿಯಲ್ಲಿ ಮಸಾಲೆ ಕೂರುತ್ತದೆ. ಚಿಕನ್ ತುಂಡಿನ ಜೊತೆ ಒಂದೇ ಚಮಚಕ್ಕೆ ಬರುತ್ತವೆ. ಉದ್ದದ ಸ್ಪೆಗೆಟಿ ಮಕ್ಕಳಿರುವ ಮನೆಯಲ್ಲಿ ಊಟದ ಹೊತ್ತನ್ನು ಎಳೆಯುತ್ತದೆ.

ತಲೆಗೆ 80 ಗ್ರಾಂ ಲೆಕ್ಕ, ನಾಲ್ಕು ಜನಕ್ಕೆ 320 ಗ್ರಾಂ. ನೀರು ಮೂರು ಲೀಟರ್. ಲೀಟರಿಗೆ ಒಂದೂವರೆ ಟೀ ಚಮಚ ಉಪ್ಪು. ಜಾಸ್ತಿ ಅನ್ನಿಸುತ್ತದೆ, ಅಲ್ವಾ? ಅದರಲ್ಲಿ ಹೆಚ್ಚಿನ ಪಾಲು ನೀರಲ್ಲೇ ಉಳಿಯುತ್ತದೆ. ಪಾಸ್ತಾದ ಒಳಗೆ ಉಪ್ಪು ಸೇರುವುದು ಬೇಯುವಾಗ ಮಾತ್ರ. ಆಮೇಲೆ ಎಷ್ಟು ಉದುರಿಸಿದರೂ ಮೇಲ್ಮೇಲೇ ಉಳಿಯುತ್ತದೆ. ನೀರಿಗೆ ಎಣ್ಣೆ ಹಾಕಬೇಡಿ. ಎಣ್ಣೆ ಮೇಲೆ ತೇಲುತ್ತದೆ, ಬಸಿಯುವಾಗ ಪಾಸ್ತಾಕ್ಕೆ ಅಂಟಿಕೊಂಡು ಸಾಸ್ ಹಿಡಿಯಲು ಬಿಡುವುದಿಲ್ಲ. ಅಂಟಬಾರದು ಅಂದರೆ ಹಾಕಿದ ಮೊದಲ ಒಂದು ನಿಮಿಷ ತಿರುಗಿಸಿ, ಅಷ್ಟೇ.

ದಾವಣಗೆರೆ ಸಮುದ್ರಮಟ್ಟಕ್ಕಿಂತ ಸುಮಾರು 600 ಮೀಟರ್ ಎತ್ತರದಲ್ಲಿದೆ. ಇಲ್ಲಿ ನೀರು ಸುಮಾರು 98 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಹಾಗಾಗಿ ಪಾಕೀಟಿನ ಮೇಲೆ ಬರೆದ ಹೊತ್ತಿಗಿಂತ ಸ್ವಲ್ಪ ಹೆಚ್ಚೇ ಹಿಡಿಯಬಹುದು. ಗಡಿಯಾರಕ್ಕಿಂತ ಹಲ್ಲನ್ನು ನಂಬಿ. ಒಂದು ಪೆನ್ನೆ ತೆಗೆದು ಕಚ್ಚಿ, ಕಚ್ಚಿದ ಜಾಗ ನೋಡಿ. ನಡುವೆ ದಪ್ಪ ಬಿಳಿ ಉಂಗುರ ಇದ್ದರೆ ಇನ್ನೂ ಹಸಿ. ಸೂಜಿಯಿಂದ ಗೀರಿದಷ್ಟು ತೆಳ್ಳನೆ ಬಿಳಿ ಗೆರೆ ಇದ್ದರೆ ಅದೇ ಹದ. ಆಗಲೇ ತೆಗೆದು ಸಾಸಿಗೆ ಹಾಕಬೇಕು. ಉಳಿದ ಬೇಯುವಿಕೆ ಸಾಸಿನಲ್ಲಿ ಆಗುತ್ತದೆ. ಬಿಳಿ ಪೂರ್ತಿ ಹೋಗುವವರೆಗೆ ಕಾದರೆ ಸಾಸಿನಲ್ಲಿ ಅದು ಮೆತ್ತಗಾಗಿಬಿಡುತ್ತದೆ.

ಈಗ ಈ ಲೇಖನದ ಮುಖ್ಯ ಮಾತು. ಪಾಸ್ತಾ ಬೆಂದ ನೀರನ್ನು ಚೆಲ್ಲಬೇಡಿ. ಹೋಳಿಗೆಗೆ ಬೇಳೆ ಬೇಯಿಸಿದರೆ ಕಟ್ಟು ಚೆಲ್ಲುತ್ತೇವಾ? ಇಲ್ಲ, ಕಟ್ಟಿನ ಸಾರು ಮಾಡುತ್ತೇವೆ. ಹೋಳಿಗೆಗಿಂತ ಆ ಸಾರಿಗೇ ಕಾಯುವವರು ಪ್ರತಿ ಮನೆಯಲ್ಲೂ ಇದ್ದಾರೆ. ಇದೂ ಹಾಗೇ. ಪಾಸ್ತಾದ ಪಿಷ್ಟ ಇಳಿದು ನೀರು ತೆಳು ಗಂಜಿಯ ಹಾಗೆ ಮಬ್ಬಾಗಿರುತ್ತದೆ. ಎಣ್ಣೆಯನ್ನೂ ನೀರನ್ನೂ ಕೂಡಿಸಿ ಹಿಡಿಯುವುದು ಆ ಪಿಷ್ಟವೇ. ಅದಿಲ್ಲದೆ ಸಾಸ್ ಒಡೆದು ಎಣ್ಣೆ ಬೇರೆ, ನೀರು ಬೇರೆ ನಿಲ್ಲುತ್ತದೆ. ನಾಲ್ಕು ಸಲ ನನ್ನ ಸಾಸ್ ತಟ್ಟೆಯ ತಳದಲ್ಲಿ ನಿಂತಿತ್ತು. ಐದನೇ ಸಲ ಒಂದು ಲೋಟ ಪಾಸ್ತಾ ನೀರು ತೆಗೆದಿಟ್ಟೆ. ಅಂದಿನಿಂದ ಆ ತೊಂದರೆ ಇಲ್ಲ. ನಮ್ಮ ಮನೆಯಲ್ಲಿ ಅದಕ್ಕೆ "ಪಾಸ್ತಾ ಕಟ್ಟು" ಅಂತಲೇ ಹೆಸರು. ಇನ್ನು ಮುಂದೆ ಕಟ್ಟು ಅಂದರೆ ಅದೇ ಅಂತ ತಿಳಿಯಿರಿ.

ಬೆಂದ ಪಾಸ್ತಾವನ್ನು ತಣ್ಣೀರಿಗೆ ಹಿಡಿಯಬೇಡಿ. ಮಂಡಕ್ಕಿ ತೊಳೆದು ಹಿಂಡಿದ ಹಾಗೆ ಪಾಸ್ತಾ ತೊಳೆಯುವವರನ್ನು ನೋಡಿದ್ದೇನೆ. ಮೇಲಿನ ಪಿಷ್ಟವೆಲ್ಲ ಹೋಗಿ ಮಸಾಲೆ ಜಾರುತ್ತದೆ.

ಮಂಗಳವಾರ: ಬ್ಯಾಡಗಿ ಕೆಂಪು ಚಿಕನ್ ಪಾಸ್ತಾ

ಬೇಕಾಗಿದ್ದು: ಮೊಸರು ಹಾಕಿ ನೆನೆಸಿದ 400 ಗ್ರಾಂ ಚಿಕನ್, 320 ಗ್ರಾಂ ಪೆನ್ನೆ, ಒಂದೂವರೆ ಕಪ್ ಕೆಂಪು ಮಸಾಲೆ, ಒಂದು ಈರುಳ್ಳಿ, ಒಂದು ದೊಣ್ಣೆ ಮೆಣಸಿನಕಾಯಿ, ಒಂದು ಹಿಡಿ ಸ್ವೀಟ್ ಕಾರ್ನ್, ದೊಡ್ಡಪತ್ರೆ ನಾಲ್ಕು ಎಲೆ, ಎರಡು ಚೀಸ್ ಕ್ಯೂಬ್, ಎರಡು ದೊಡ್ಡ ಚಮಚ ಎಣ್ಣೆ.

ದೊಡ್ಡಪತ್ರೆ ಯಾಕೆ ಅಂತ ಕೇಳಬಹುದು. ಪಿಜ್ಜಾ ಜೊತೆ ಸಣ್ಣ ಪೊಟ್ಟಣದಲ್ಲಿ ಬರುವ ಒರಿಗಾನೊ ಇದೆಯಲ್ಲ, ಅದರ ಘಮದ ಎಣ್ಣೆ ದೊಡ್ಡಪತ್ರೆಯಲ್ಲೂ ಇದೆ. ಎಲೆ ಉಜ್ಜಿ ಮೂಸಿ ನೋಡಿ, ತಿಳಿಯುತ್ತದೆ. ಎಷ್ಟೋ ಮನೆಗಳ ಅಂಗಳದ ಕುಂಡದಲ್ಲಿ ಇರುವ ಗಿಡ. ಮಗುವಿಗೆ ನೆಗಡಿಯಾದಾಗ ಮಾತ್ರ ಅದರ ನೆನಪಾಗುತ್ತದೆ. ಹಸಿ ಎಲೆಯ ವಾಸನೆ ಖಡಕ್, ಆದ್ದರಿಂದ ನಾಲ್ಕು ಎಲೆ ದಾಟಬೇಡಿ. ಗಿಡ ಇಲ್ಲದವರು ಎರಡು ಚಿಟಿಕೆ ಓಮವನ್ನು ಅಂಗೈಯಲ್ಲಿ ತಿಕ್ಕಿ ಹಾಕಿ.

1. ಚಪ್ಪಲಿ ಬಿಟ್ಟು ಒಳಗೆ ಬಂದ ಕೂಡಲೇ ಮೊದಲ ಕೆಲಸ, ಮೂರು ಲೀಟರ್ ನೀರು ಒಲೆಗೆ. ಮುಚ್ಚಳ ಹಾಕಿ, ದೊಡ್ಡ ಉರಿ. ಅದು ಕುದಿಯಲು 12 ರಿಂದ 15 ನಿಮಿಷ ಬೇಕು. ಆ ಹೊತ್ತಿಗೆ ಕೈಕಾಲು ತೊಳೆದು, ಬಟ್ಟೆ ಬದಲಾಯಿಸಿ, ಈರುಳ್ಳಿ, ದೊಣ್ಣೆ ಮೆಣಸಿನಕಾಯಿ ಹೆಚ್ಚಿಕೊಳ್ಳಿ.

2. ಇನ್ನೊಂದು ಒಲೆಯಲ್ಲಿ ಅಗಲ ಬಾಣಲೆ ಚೆನ್ನಾಗಿ ಕಾಯಲಿ. ಎಣ್ಣೆ ಹಾಕಿ. ಚಿಕನ್‌ಗೆ ಅಂಟಿದ ಹೆಚ್ಚಿನ ಮೊಸರು ಝಾಡಿಸಿ, ತುಂಡುಗಳನ್ನು ಒಂದಕ್ಕೊಂದು ತಾಗದ ಹಾಗೆ ಹರಡಿ. ಬಾಣಲೆ ಸಣ್ಣದಿದ್ದರೆ ಎರಡು ಸಲ ಮಾಡಿ. ಒಟ್ಟಿಗೆ ಸುರಿದರೆ ನೀರು ಬಿಟ್ಟುಕೊಂಡು ಹುರಿಯುವ ಬದಲು ಬೇಯುತ್ತದೆ, ಬಣ್ಣ ಬರುವುದೇ ಇಲ್ಲ.

3. ಈಗ ಕೈ ಕಟ್ಟಿ ನಿಲ್ಲಿ. ಎರಡೂವರೆ ನಿಮಿಷ ಸೌಟು ಮುಟ್ಟಬೇಡಿ. ಮೊದಲು ಚುಂಯ್ ಅನ್ನುವ ಸದ್ದು ತೇವವಾಗಿರುತ್ತದೆ. ನೀರು ಹಾರಿದ ಹಾಗೆ ಅದು ಒಣ ಚಿಟಪಟ ಆಗುತ್ತದೆ. ಆ ಸದ್ದು ಬದಲಾದಾಗ ಒಂದು ತುಂಡು ತಿರುಗಿಸಿ ನೋಡಿ. ತಾನಾಗಿ ಬಿಟ್ಟು ಬಂದರೆ, ಅಡಿ ಕಂದು ಬಣ್ಣ ಬಂದಿದ್ದರೆ ಎಲ್ಲ ತಿರುಗಿಸಿ. ಅಂಟಿಕೊಂಡಿದ್ದರೆ ಎಳೆಯಬೇಡಿ, ಅರ್ಧ ನಿಮಿಷ ಕಾಯಿರಿ. ಇನ್ನೊಂದು ಬದಿ ಎರಡು ನಿಮಿಷ. ಬೇರೆ ತಟ್ಟೆಗೆ ತೆಗೆಯಿರಿ. ಹಸಿ ಚಿಕನ್ ಇದ್ದ ಪಾತ್ರೆಗೆ ವಾಪಸ್ ಹಾಕಬೇಡಿ.

4. ಅದೇ ಬಾಣಲೆಗೆ ಈರುಳ್ಳಿ ಹಾಕಿ. ತಳದಲ್ಲಿ ಕಂದಾಗಿ ಅಂಟಿರುವುದೇ ರುಚಿ. ಎರಡು ಚಮಚ ನೀರು ಚಿಮುಕಿಸಿ ಸೌಟಿನಿಂದ ಕೆರೆದು ಬಿಡಿಸಿ. ದೊಣ್ಣೆ ಮೆಣಸಿನಕಾಯಿ, ಕಾರ್ನ್ ಹಾಕಿ ಎರಡು ನಿಮಿಷ.

5. ಅಷ್ಟರಲ್ಲಿ ನೀರು ಕುದಿಯುತ್ತಿರುತ್ತದೆ. ಉಪ್ಪು, ಪಾಸ್ತಾ ಹಾಕಿ, ಒಂದು ನಿಮಿಷ ತಿರುಗಿಸಿ.

6. ಬಾಣಲೆಗೆ ಕೆಂಪು ಮಸಾಲೆ ಹಾಕಿ, ಹುರಿದ ಚಿಕನ್ ಸೇರಿಸಿ, ಮುಚ್ಚಿ ಸಣ್ಣ ಉರಿಯಲ್ಲಿ ಐದಾರು ನಿಮಿಷ. ಮೂಳೆಯ ರಸ ಇದ್ದರೆ ಅರ್ಧ ಕಪ್ ಈಗ ಹಾಕಿ. ಎಲ್ಲಕ್ಕಿಂತ ದಪ್ಪ ತುಂಡು ತೆಗೆದು ಸೀಳಿ ನೋಡಿ. ಒಳಗೆ ಗುಲಾಬಿ ಬಣ್ಣ ಇರಬಾರದು, ರಸ ತಿಳಿಯಾಗಿರಬೇಕು. ಅಡುಗೆ ಥರ್ಮಾಮೀಟರ್ ಇದ್ದವರಿಗೆ 74 ಡಿಗ್ರಿ ಸೆಲ್ಸಿಯಸ್.

7. ಪಾಸ್ತಾ ಹದಕ್ಕೆ ಬಂದಾಗ ಮೊದಲು ಒಂದು ಲೋಟ ಕಟ್ಟು ತೆಗೆದಿಡಿ. ಮೊದಲು ಬಸಿದು ಆಮೇಲೆ ನೆನಪಾದರೆ ಪ್ರಯೋಜನ ಇಲ್ಲ. ಜಾಲರಿ ಸೌಟಿನಿಂದ ಪಾಸ್ತಾವನ್ನು ನೇರ ಬಾಣಲೆಗೆ ಹಾಕಿ. ಅರ್ಧ ಲೋಟ ಕಟ್ಟು ಸುರಿದು, ಉರಿ ಜೋರು ಮಾಡಿ ಎರಡು ನಿಮಿಷ ಎತ್ತೆತ್ತಿ ಕಲಸಿ. ನೀರು ನೀರಾಗಿದ್ದದ್ದು ಕಣ್ಣೆದುರೇ ಗಟ್ಟಿಯಾಗಿ ಪಾಸ್ತಾ ಸುತ್ತ ಹತ್ತಿಕೊಳ್ಳುತ್ತದೆ. ಒಣಗಿತು ಅನ್ನಿಸಿದರೆ ಇನ್ನೂ ಸ್ವಲ್ಪ ಕಟ್ಟು.

8. ಉರಿ ಆರಿಸಿ. ಕೈಯಲ್ಲೇ ಹರಿದ ದೊಡ್ಡಪತ್ರೆ, ತುರಿದ ಚೀಸ್ ಹಾಕಿ ಎರಡು ನಿಮಿಷ ಮುಚ್ಚಿ. ಚೀಸ್ ಉರಿಯ ಮೇಲೆ ಹಾಕಿದರೆ ಎಳೆ ಎಳೆಯಾಗಿ ಬಾಣಲೆಗೆ ಅಂಟುತ್ತದೆ.

ಏಳೂವರೆಗೆ ಶುರು ಮಾಡಿದರೆ ಎಂಟು ಹತ್ತಕ್ಕೆ ತಟ್ಟೆ ಮುಂದೆ ಕೂರಬಹುದು. ಅತ್ತೆಯ ತಟ್ಟೆಗೆ ಮಾತ್ರ ನಾನು ಮೇಲೊಂದು ಚಮಚ ಕೆಂಪು ಚಟ್ನಿ ಹಾಕುತ್ತೇನೆ. ಖಾರ ಇಲ್ಲದ್ದು ಅವರಿಗೆ ಊಟ ಅನ್ನಿಸುವುದಿಲ್ಲ.

ಇಷ್ಟಕ್ಕೂ ಪುರುಸೊತ್ತಿಲ್ಲದ ದಿನ ಕುಕ್ಕರ್ ಇದೆ. ಕುಕ್ಕರಿನಲ್ಲೇ ಚಿಕನ್ ಹುರಿದು, ಒಂದು ಕಪ್ ಮಸಾಲೆ, ಎರಡೂವರೆ ಕಪ್ ನೀರು, ಮುಕ್ಕಾಲು ಟೀ ಚಮಚ ಉಪ್ಪು ಹಾಕಿ ತಳ ಚೆನ್ನಾಗಿ ಕೆರೆಯಿರಿ. ಎರಡು ಕಪ್ ಪಾಸ್ತಾ ಮೇಲೆ ಹರಡಿ. ಕುಕ್ಕರಿನ ಅರ್ಧ ದಾಟಬಾರದು, ಪಿಷ್ಟದ ನೊರೆ ಉಕ್ಕಿ ಸೀಟಿಯ ತೂತು ಕಟ್ಟಿಕೊಳ್ಳುತ್ತದೆ. ನಡು ಉರಿಯಲ್ಲಿ ಒಂದು ಸೀಟಿ, ಆರಿಸಿ ಐದು ನಿಮಿಷ, ಆಮೇಲೆ ಉಳಿದ ಆವಿ ಬಿಡಿ. ಪಾಸ್ತಾ ಸ್ವಲ್ಪ ಮೆತ್ತಗಾಗುತ್ತದೆ. ನನಗೆ ಬಾಣಲೆಯದೇ ಇಷ್ಟ, ಆದರೆ ಹಲ್ಲು ಸಡಿಲವಾದ ಹಿರಿಯರು ಇದನ್ನೇ ಕೇಳುತ್ತಾರೆ.

ಶುಕ್ರವಾರ: ಬೆಣ್ಣೆ, ಬೆಳ್ಳುಳ್ಳಿ, ಕರಿಮೆಣಸು

ಬಿಳಿ ಪಾಸ್ತಾ ಅಂದರೆ ಮೈದಾ, ಹಾಲು, ಕ್ರೀಮ್ ಅಂತ ಎಲ್ಲರೂ ಹೇಳುತ್ತಾರೆ. ಬೆಣ್ಣೆ ದೋಸೆಯ ಊರಿನಲ್ಲಿ ಕ್ರೀಮ್ ಯಾಕೆ? ಒಳ್ಳೆಯ ಬಿಳಿ ಬೆಣ್ಣೆ ಮತ್ತು ಕಟ್ಟು, ಎರಡೇ ಸಾಕು.

ಫ್ರೀಜರಿನಿಂದ ಇಳಿಸಿ ಕರಗಿದ ಚಿಕನ್ ಅನ್ನು ಮೇಲೆ ಹೇಳಿದ ಹಾಗೇ ಎರಡೂ ಬದಿ ಹುರಿದು, ಉರಿ ಸಣ್ಣ ಮಾಡಿ, ಮುಚ್ಚಿ ಪೂರ್ತಿ ಬೇಯಿಸಿ ತೆಗೆದಿಡಿ. ಈ ಪಾಲಿಗೆ ಮೊಸರು ಬೇಡ ಅಂದಿದ್ದಕ್ಕೆ ಇನ್ನೊಂದು ಕಾರಣ ಇದು. ಮೊಸರಿನ ಪಸೆ ಬೆಣ್ಣೆ ಸಾಸಿಗೆ ಸೇರಿದರೆ ಸಾಸ್ ಒಡೆಯುತ್ತದೆ.

ಬಾಣಲೆಯಲ್ಲಿ ಒಂದು ಚಮಚ ಎಣ್ಣೆ, ತೆಳ್ಳಗೆ ಹೆಚ್ಚಿದ ಎಂಟು ಎಸಳು ಬೆಳ್ಳುಳ್ಳಿ, ಸಣ್ಣ ಉರಿ. ಬೆಳ್ಳುಳ್ಳಿ ಅಂಚು ಹೊಂಬಣ್ಣಕ್ಕೆ ತಿರುಗಿದ ಕೂಡಲೇ ಆಗತಾನೇ ಕುಟ್ಟಿದ ಎರಡು ಟೀ ಚಮಚ ಕರಿಮೆಣಸು. ಡಬ್ಬಿಯ ನುಣುಪು ಪುಡಿ ಬೇಡ, ಕುಟ್ಟಾಣಿಯಲ್ಲಿ ತರಿತರಿಯಾಗಿ ಕುಟ್ಟಿ. ಘಮ ಬಂದಾಗ ಒಂದು ಲೋಟ ಕಟ್ಟು ಸುರಿದು ಕುದಿಸಿ. ಪಾಸ್ತಾ, ಚಿಕನ್ ಹಾಕಿ ಎರಡು ನಿಮಿಷ. ತಳದಲ್ಲಿ ಇನ್ನೂ ಸ್ವಲ್ಪ ರಸ ಇರುವಾಗಲೇ ಉರಿ ಆರಿಸಿ.

ಈಗ ಮೂರು ದೊಡ್ಡ ಚಮಚ ತಣ್ಣನೆ ಬೆಣ್ಣೆ. ಒಂದೊಂದೇ ಚಮಚ ಹಾಕಿ, ಬಾಣಲೆಯ ಹಿಡಿ ಹಿಡಿದು ಅಲ್ಲಾಡಿಸಿ. ಮೊದಲ ಚಮಚ ಕರಗಿದಾಗ ಹಳದಿ ಎಣ್ಣೆಯ ಚುಕ್ಕಿಗಳು ನೀರ ಮೇಲೆ ಕಾಣುತ್ತವೆ. ನಿಲ್ಲಿಸಬೇಡಿ. ಎರಡನೇ ಚಮಚಕ್ಕೆ ಚುಕ್ಕಿಗಳು ಸಣ್ಣದಾಗಿ ಮಾಯವಾಗುತ್ತವೆ. ಮೂರನೆಯದಕ್ಕೆ ರಸ ಕೆನೆ ಹಾಲಿನ ಹಾಗೆ ಬೆಳ್ಳಗಾಗಿ, ಪ್ರತಿ ಪೆನ್ನೆಯ ಗೀರಿನಲ್ಲೂ ಕೂತು ಹೊಳೆಯುತ್ತದೆ. ಉರಿ ಇದ್ದಾಗ ಹಾಕಿದರೆ ಇದಾಗುವುದಿಲ್ಲ, ಬೆಣ್ಣೆ ಕರಗಿ ತುಪ್ಪದ ಹಾಗೆ ಬೇರೆ ನಿಲ್ಲುತ್ತದೆ. ಬಿಳಿ ಬೆಣ್ಣೆಯಲ್ಲಿ ಉಪ್ಪಿಲ್ಲ, ಕೊನೆಗೆ ರುಚಿ ನೋಡಿ ಹಾಕಿ. ಅರ್ಧ ನಿಂಬೆಹಣ್ಣು ಹಿಂಡಿ ತಕ್ಷಣ ಬಡಿಸಿ. ಆರಿದರೆ ಗಟ್ಟಿಯಾಗುತ್ತದೆ. ಎಲ್ಲರೂ ತಟ್ಟೆ ಮುಂದೆ ಕೂತ ಮೇಲೇ ನಾನು ಬೆಣ್ಣೆ ಹಾಕುವುದು.

ಬೆಂದ ಚಿಕನ್ ಉಳಿದಿದ್ದರೆ

ಹಿಂದಿನ ರಾತ್ರಿಯ ಚಿಕನ್ ಫ್ರೈ ಉಳಿದಿದ್ದರೆ ಹಸಿರು ಪಾಸ್ತಾ ಮಾಡಿ. ಒಂದು ಕಂತೆ ಕೊತ್ತಂಬರಿ, ಒಂದು ಹಿಡಿ ಪುದೀನ, ಎರಡು ಹಿಡಿ ಹುರಿದ ಶೇಂಗಾ, ಎರಡು ಹಸಿಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ನಿಂಬೆರಸ, ಉಪ್ಪು, ನಾಲ್ಕು ದೊಡ್ಡ ಚಮಚ ಎಣ್ಣೆ. ತರಿತರಿಯಾಗಿ ರುಬ್ಬಿ. ಇದನ್ನು ಒಲೆಗೆ ಇಡಬೇಡಿ, ಬಣ್ಣ ಕಪ್ಪಾಗುತ್ತದೆ. ಚಿಕನ್ ಮಾತ್ರ ಬಾಣಲೆಯಲ್ಲಿ ಹೊಗೆಯಾಡುವಷ್ಟು ಬಿಸಿ ಮಾಡಿ. ಬಿಸಿ ಪಾಸ್ತಾ, ಚಿಕನ್, ಚಟ್ನಿ, ಕಾಲು ಲೋಟ ಕಟ್ಟು ಎಲ್ಲ ಅಗಲ ಪಾತ್ರೆಯಲ್ಲಿ ಕಲಸಿದರೆ ಆಯಿತು. ಪಾಸ್ತಾ ಬೇಯುವ ಹೊತ್ತಿನೊಳಗೆ ಊಟ ತಯಾರು.

ತಿನ್ನದವರು ಮನೆಯಲ್ಲಿದ್ದರೆ

ನಮ್ಮೂರಲ್ಲಿ ಒಂದೇ ಮನೆಯಲ್ಲಿ ತಿನ್ನುವವರೂ ತಿನ್ನದವರೂ ಇರುವುದು ಸಾಮಾನ್ಯ. ಅವರಿಗೆ ಬೇರೆ ಅಡುಗೆ ಮಾಡುವ ಅಗತ್ಯ ಇಲ್ಲ. ಮಸಾಲೆ, ತರಕಾರಿ, ಪಾಸ್ತಾ ಕಲಸಿ ಅವರ ಪಾಲು ಮೊದಲು ತೆಗೆದು ಮುಚ್ಚಿಡಿ, ಆಮೇಲೆ ಚಿಕನ್ ಸೇರಿಸಿ. ಚಿಕನ್ ಹುರಿದ ಬಾಣಲೆ, ಸೌಟು ಆ ಕಡೆ ಹೋಗಬಾರದು. ಮೂಳೆಯ ರಸ ಹಾಕಿದ್ದನ್ನು ಮರೆತು ಬಡಿಸುವುದು ಅವರ ನಂಬಿಕೆಗೆ ಮಾಡುವ ಮೋಸ. ಅಂಥ ದಿನ ರಸವನ್ನು ಫ್ರಿಜ್ಜಿನಿಂದ ತೆಗೆಯಲೇಬೇಡಿ. ಅವರ ತಟ್ಟೆಗೆ ಪನೀರ್ ಅಥವಾ ಬೇಯಿಸಿದ ಕಡಲೆಕಾಳು ಹಾಕಿದರೆ ಹೊಟ್ಟೆಯೂ ತುಂಬುತ್ತದೆ.

ಉಳಿದದ್ದು

ಊಟವಾದ ಮೇಲೆ ಪಾತ್ರೆಯನ್ನು ಹಾಗೇ ಬಿಟ್ಟು ಮಲಗಬೇಡಿ. ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಹೋಗಬೇಕು, ಬೇಸಿಗೆಯಲ್ಲಿ ಒಂದೇ ಗಂಟೆ. ಮಾರನೇ ದಿನ ತಿಂದು ಮುಗಿಸಿ. ಚಿಕನ್ ಪಾಸ್ತಾವನ್ನು ಶಾಲೆಯ ಡಬ್ಬಿಗೆ ಕಟ್ಟಬೇಡಿ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದರವರೆಗೆ ಬ್ಯಾಗಿನೊಳಗಿನ ಸೆಕೆಗೆ ಅದು ಕೆಡಬಹುದು. ಮಗು ಅತ್ತರೂ ನಾನು ಕೊಡುವುದಿಲ್ಲ. ಡಬ್ಬಿಗೆ ಬೇಕಾದರೆ ಬರೀ ಕೆಂಪು ಮಸಾಲೆಯಲ್ಲಿ ಬೆಳಿಗ್ಗೆಯೇ ಹೊಸದಾಗಿ ತರಕಾರಿ ಪಾಸ್ತಾ ಕಲಸಿಕೊಡಿ.

ನಮ್ಮ ಮನೆಯವರು ಒಮ್ಮೊಮ್ಮೆ ರಾತ್ರಿ ಹತ್ತಕ್ಕೆ ಬರುತ್ತಾರೆ. ಅವರ ಪಾಲು ಅಷ್ಟರಲ್ಲಿ ಫ್ರಿಜ್ಜಿನಲ್ಲಿ ಗಟ್ಟಿಯಾಗಿ ಒಂದಕ್ಕೊಂದು ಅಂಟಿರುತ್ತದೆ. ಬಾಣಲೆಗೆ ಮೂರು ಚಮಚ ಉಳಿದ ಕಟ್ಟು, ಅದಿಲ್ಲದಿದ್ದರೆ ನೀರು ಹಾಕಿ, ಅದು ಕುದಿದಾಗ ಪಾಸ್ತಾ ಹಾಕಿ, ಮುಚ್ಚಿ ಎರಡು ನಿಮಿಷ ಬಿಡಿ. ಮುಚ್ಚಳ ತೆಗೆದು ಚಿಕನ್ ಒಳಗೂ ಬಿಸಿಯಾಗುವಷ್ಟು ಇನ್ನೆರಡು ನಿಮಿಷ ಮೆಲ್ಲಗೆ ಕಲಸಿ. ಅಂಟಿದ್ದೆಲ್ಲ ಬಿಡಿಬಿಡಿಯಾಗುತ್ತದೆ. ತಟ್ಟೆಗೆ ಹಾಕಿ, ಬೆಣ್ಣೆ ಇದ್ದರೆ ಮೇಲೊಂದು ಚೂರು.